ಹೊಸನಗರಕ್ಕೆ ಇನ್ಸುಲಿನ್ ಟೆಸ್ಟ್ ತಂದ ಮೇಡಂ

ಮಧ್ಯಾಹ್ನದ ಹೊತ್ತಿಗೆ ನಮ್ಮ ಮೇಡಂ ಅವರ ಕಣ್ಣುಗಳ ಸುತ್ತ ಎರಡು ಕೆಂಪು ಉಂಗುರಗಳು ಮೂಡಿರುತ್ತಿದ್ದವು. ಬೆಳಗಿನಿಂದ ಮೈಕ್ರೋಸ್ಕೋಪಿಗೆ ಮುಖ ಒತ್ತಿಕೊಂಡು ಕೂತದ್ದರ ಗುರುತು ಅದು. ಆ ಉಂಗುರಗಳ ಸಮೇತವೇ ಹೊರಗೆ ಬಂದು, ರಿಪೋರ್ಟುಗಳ ಕಟ್ಟು ಹಿಡಿದು, ಬೆಂಚಿನ ಮೇಲೆ ಕೂತವರ ಹೆಸರನ್ನು ರಸ್ತೆಯ ಆಚೆ ಬದಿಗೂ ಕೇಳುವ ಹಾಗೆ ಕೂಗುತ್ತಿದ್ದರು. ಹೊಸಬರು ಬೆಚ್ಚಿಬೀಳುತ್ತಿದ್ದರು. ಒಮ್ಮೆ ಬ್ಯಾಕೋಡು ಕಡೆಯ ಅಜ್ಜಿಯೊಬ್ಬರು ಅವರ ಮುಖವನ್ನೇ ನೋಡಿ, "ಎಂತ ಮೇಡಂ, ಯಾರಾದ್ರೂ ಹೊಡೆದ್ರಾ?" ಅಂತ ಕೇಳಿದರು.

"ಹೌದು ಅಜ್ಜಿ, ನಿಮ್ಮ ರಕ್ತವೇ ಹೊಡೀತು. ಮೈಯಲ್ಲಿ ಇಷ್ಟು ಕಮ್ಮಿ ರಕ್ತ ಇಟ್ಕಂಡು ಅದೆಂಗೆ ಬಸ್ ಹತ್ತಿದ್ರಿ?" ಅಂದರು ಮೇಡಂ. ಅಜ್ಜಿಯ ಜೊತೆ ಇಡೀ ಬೆಂಚು ನಕ್ಕಿತು.

ಸಾಗರದಲ್ಲಿ ಅವರದ್ದೇ ಒಂದು ಲ್ಯಾಬು ಇತ್ತು. ಪೆಥಾಲಜಿ ಓದಿದ ಡಾಕ್ಟರು. ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ. ಅಪ್ಪ ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಬರುವ ಖಾಸಗಿ ಬಸ್ಸಿನ ಕಂಡಕ್ಟರ್. ಆ ಗಂಟಲು ಅಪ್ಪನದ್ದು ಅಂತ ಅವರೇ ಹೇಳುತ್ತಿದ್ದರು. ಊರಿನ ಬೇರೆ ಡಾಕ್ಟರುಗಳು ತಮ್ಮ ಕೆಲಸವನ್ನು ಸೇವೆ ಅನ್ನುತ್ತಿದ್ದರು. ನಮ್ಮ ಮೇಡಂ ವ್ಯಾಪಾರ ಅನ್ನುತ್ತಿದ್ದರು, ಅದನ್ನೂ ಜೋರಾಗಿ. "ನಮ್ಮಪ್ಪ ಟಿಕೆಟ್ ಹರಿದ ದುಡ್ಡಲ್ಲಿ ನಾನು ಓದಿದ್ದು. ಟಿಕೆಟ್ ಮಾರೋದ್ರಲ್ಲಿ ಎಂತ ನಾಚ್ಕೆ? ಟಿಕೆಟ್ ತಗೊಂಡವರನ್ನ ಅವರೂರಿಗೆ ಮುಟ್ಟಿಸ್ಬೇಕು, ಅಷ್ಟೇ."

ನಾನು ಆನಂದಪುರದವಳು. ಅಪ್ಪ ಲಾರಿಗೆ ಮೂಟೆ ತುಂಬುವ ಹಮಾಲಿ, ಅಮ್ಮ ಕೂಲಿಗೆ ಅಡಿಕೆ ಸುಲಿಯುವವಳು. ನಮ್ಮ ಮನೆಯಲ್ಲಿ, ನಮ್ಮ ಅಪ್ಪನ ಕಡೆಯಲ್ಲಿ, ಅಮ್ಮನ ಕಡೆಯಲ್ಲಿ, ಎಲ್ಲೂ ನನಗಿಂತ ಮೊದಲು ಡಿಗ್ರಿ ಮಾಡಿದವರಿಲ್ಲ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತೇನೆ. ಬೆಳಗಿನ ಬಸ್ಸಿಗೆ ಸಾಗರಕ್ಕೆ ಹೋಗಿ ಬಿ.ಎಸ್ಸಿ. ಮುಗಿಸಿದೆ, ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಿದೆ. ಕೆಲಸ ಕೇಳಿಕೊಂಡು ಮೇಡಂ ಹತ್ತಿರ ಹೋದಾಗ ಬೇಸಿಗೆ. ಆ ಸೆಕೆಯಲ್ಲೂ ನಾನು ವೇಲನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿಕೊಂಡಿದ್ದೆ.

ನನ್ನ ಕುತ್ತಿಗೆಯ ಹಿಂದೆ ಒಂದು ಕಪ್ಪು ಪಟ್ಟಿ ಇತ್ತು. ಅಮ್ಮ ಅದನ್ನು ಕೊಳೆ ಅಂದುಕೊಂಡಿದ್ದಳು. ಕಡಲೆ ಹಿಟ್ಟು, ನಿಂಬೆ ಸಿಪ್ಪೆ, ಕೊನೆಗೆ ಪಾತ್ರೆ ತಿಕ್ಕುವ ನಾರು, ಎಲ್ಲವನ್ನೂ ಹಾಕಿ ಉಜ್ಜಿದ್ದಳು. ಚರ್ಮ ಕಿತ್ತು ಬರುತ್ತಿತ್ತೇ ಹೊರತು ಕಪ್ಪು ಹೋಗುತ್ತಿರಲಿಲ್ಲ. ಕಾಲೇಜಿನ ಹುಡುಗಿಯರು ನನಗೆ ಸ್ನಾನ ಅಂದರೆ ಅಲರ್ಜಿ ಅಂತ ಆಡಿಕೊಳ್ಳುತ್ತಿದ್ದರು.

ಮೇಡಂ ನನ್ನ ಅಂಕಪಟ್ಟಿ ನೋಡಲೇ ಇಲ್ಲ. "ಸೆಕೆ ಆಗಲ್ವೇನೆ ನಿಂಗೆ? ವೇಲ್ ತೆಗಿ" ಅಂದರು. ತೆಗೆದೆ. ಎದ್ದು ಬಂದು ನನ್ನ ಹಿಂದೆ ನಿಂತರು. ನಾನು ನೆಲ ನೋಡುತ್ತಾ ನಿಂತೆ.

"ಇದು ಕೊಳೆ ಅಲ್ಲ ಮಾರಾಯ್ತಿ. ಉಜ್ಜೋದು ನಿಲ್ಸು ಅಂತ ಹೇಳು ಮನೇಲಿ. ಮುಟ್ಟು ಸರಿಯಾಗಿ ಆಗ್ತದಾ?"

"ಇಲ್ಲ ಮೇಡಂ."

"ಮನೇಲಿ ಯಾರಿಗೆ ಶುಗರ್?"

"ಅಪ್ಪಂಗೆ. ಅಜ್ಜಿಗೂ ಇತ್ತು. ನನಗಿಲ್ಲ, ಕಾಲೇಜಲ್ಲಿ ಟೆಸ್ಟ್ ಮಾಡಿದ್ರು, ನಾರ್ಮಲ್."

"ನಾರ್ಮಲ್ ಬರ್ತದೆ, ಅದೇ ಮಜಾ. ಕೆಲಸದ ಮಾತು ಆಮೇಲೆ. ಮೊದ್ಲು ಕೈ ಕೊಡು."

ಆಗ ಇನ್ಸುಲಿನ್ ನೋಡುವ ಮೆಷಿನ್ ಸಾಗರದ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ನನ್ನ ರಕ್ತ ದೊಡ್ಡ ಊರಿಗೆ ಹೋಗಿ ಬಂತು. ಸಕ್ಕರೆ ಸರಿಯಾಗಿತ್ತು, ಇನ್ಸುಲಿನ್ ಮಾತ್ರ ಇರಬೇಕಾದದ್ದಕ್ಕಿಂತ ತುಂಬ ಹೆಚ್ಚು. ಬಿ.ಎಸ್ಸಿ. ಓದಿದವಳು ನಾನು, ಪಾಠದಲ್ಲಿ ಇದು ಬಂದಿತ್ತು, ಬರೆದು ಪಾಸೂ ಆಗಿದ್ದೆ. ಆದರೆ ನನ್ನ ಕುತ್ತಿಗೆಗೂ ಆ ಪಾಠಕ್ಕೂ ಸಂಬಂಧ ಇದೆ ಅಂತ ತಿಳಿದದ್ದು ಮೇಡಂ ತಮ್ಮ ಅಪ್ಪನ ಬಸ್ಸನ್ನು ತಂದು ನಿಲ್ಲಿಸಿದ ಮೇಲೆ.

"ನೋಡು, ಸ್ಟ್ಯಾಂಡಲ್ಲಿ ಜನ ನಿಂತಿದ್ದಾರೆ. ಅದು ಸಕ್ಕರೆ. ಬಸ್ಸು ಅಂದ್ರೆ ನಿನ್ನ ಮೈ. ಒಳಗಿರೋರು ಬಾಗ್ಲಲ್ಲೇ ನಿಂತ್ಕಂಡಿದ್ದಾರೆ, ಜಾಗ ಬಿಡಲ್ಲ. ಕಂಡಕ್ಟರ್ ಅಂದ್ರೆ ಇನ್ಸುಲಿನ್, ಮೊದ್ಲೆಲ್ಲ ಒಬ್ಬ ಕೂಗಿದ್ರೆ ಸಾಕಿತ್ತು. ಈಗ ನಾಲ್ಕು ಜನ ಕಂಡಕ್ಟರ್ ಸೇರಿ ನೂಕ್ಬೇಕು. ನೂಕಿದ್ರೆ ಎಲ್ರೂ ಹತ್ತುತ್ತಾರೆ, ಸ್ಟ್ಯಾಂಡ್ ಖಾಲಿ. ಶುಗರ್ ಟೆಸ್ಟ್ ಮಾಡೋರು ಸ್ಟ್ಯಾಂಡ್ ನೋಡಿ ಎಲ್ಲಾ ಸರಿ ಇದೆ ಅಂತಾರೆ. ನಾನು ಕಂಡಕ್ಟರ್ ಎಷ್ಟು ಜನ ಅಂತ ನೋಡ್ತೀನಿ. ಅವರು ಹೆಚ್ಚಾಗಿದ್ದಕ್ಕೇ ನಿನ್ನ ಕುತ್ತಿಗೆ ಕಪ್ಪು, ಮುಟ್ಟು ಏರುಪೇರು. ಕಂಡಕ್ಟರ್‌ಗಳು ಸುಸ್ತಾಗಿ ಕೂತ ದಿನ ನಿಂಗೆ ಶುಗರ್. ಅದಕ್ಕೆ ಇನ್ನೂ ಟೈಮ್ ಇದೆ. ಇವತ್ತಿಂದ ನಡಿ."

ನಡೆದೆ. ಅವರೇ ಪರಿಚಯದ ಡಾಕ್ಟರ ಹತ್ತಿರ ಕಳಿಸಿದರು. ತಟ್ಟೆಯಲ್ಲಿ ಅನ್ನದ ಗುಡ್ಡ ಸಣ್ಣದಾಯಿತು, ಸಂಜೆಯ ಬಸ್ಸಿಗೆ ಒಂದು ಸ್ಟಾಪ್ ಮುಂಚೆಯೇ ಇಳಿಯುವುದು ಅಭ್ಯಾಸವಾಯಿತು. ನಿಧಾನಕ್ಕೆ ಮುಟ್ಟು ಹಾದಿಗೆ ಬಂತು, ಕುತ್ತಿಗೆ ತಿಳಿಯಾಗತೊಡಗಿತು. ಕೆಲಸವೂ ಸಿಕ್ಕಿತ್ತು, ಅದನ್ನು ಹೇಳಲು ಮರೆತೆ. ರಕ್ತ ತೆಗೆದ ಕೈಯಿಂದಲೇ ಮೇಡಂ ನನಗೆ ಬಿಳಿ ಕೋಟು ಕೊಟ್ಟಿದ್ದರು.

ಕೆಲವು ವರ್ಷ ಹೋದ ಮೇಲೆ ಮೇಡಂ ತಲೆಗೆ ಇನ್ಸುಲಿನ್ ಟೆಸ್ಟು ಹತ್ತಿಕೊಂಡಿತು. "ಇಲ್ಲಿ ಮನೆಮನೇಲೂ ಶುಗರ್ ಇದೆ. ಅದು ಬರೋಕೆ ಮುಂಚೆನೇ ಗೊತ್ತಾಗ್ತದೆ ಅಂದ್ರೆ ಜನ ಬರಲ್ವಾ? ಬಂದೇ ಬರ್ತಾರೆ. ಇದು ಓಡೋ ಟೆಸ್ಟ್ ಕಣೆ" ಅಂದರು. ಒಂದು ಕಂಪನಿ ಮೆಷಿನ್ ಕೊಡಲು ಒಪ್ಪಿತು. ಮೆಷಿನ್ನಿಗೆ ದುಡ್ಡು ಬೇಡ, ಆದರೆ ಟೆಸ್ಟಿಗೆ ಬೇಕಾದ ಕಿಟ್ಟುಗಳನ್ನು ಅವರಿಂದಲೇ ಕೊಳ್ಳಬೇಕು, ಟೆಸ್ಟು ಓಡದಿದ್ದರೆ ಮೆಷಿನ್ ವಾಪಸ್. ಮೆಷಿನ್ ಸಾಗರದಲ್ಲಿ ಕೂತಿತು. ರಕ್ತ ತೆಗೆದುಕೊಳ್ಳಲು ಮೊದಲು ಹೊಸನಗರದಲ್ಲಿ ಒಂದು ಕೇಂದ್ರ, ಅದು ನಿಂತರೆ ಮುಂದೆ ತೀರ್ಥಹಳ್ಳಿಯಲ್ಲಿ ಇನ್ನೊಂದು. ಹೊಸನಗರದ್ದನ್ನು ನೋಡಿಕೊಳ್ಳುವವಳು ನಾನು.

ಅಪ್ಪನನ್ನು ಕರೆದುಕೊಂಡು ಹೋಗಿ ಕೇಂದ್ರದ ಬೋರ್ಡು ತೋರಿಸಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು, ಪಕ್ಕದಲ್ಲಿ ಬಿ.ಎಸ್ಸಿ. ಅಪ್ಪನಿಗೆ ಓದಲು ಬರುವುದಿಲ್ಲ. ಅಕ್ಷರಗಳ ಮೇಲೆ ಕೈಯಾಡಿಸಿ, "ಪೇಂಟ್ ಗಟ್ಟಿ ಅದೆ" ಅಂದ. ಇಂಥ ಬೋರ್ಡು ಉಳಿಯಬೇಕಾದರೆ ಇನ್ಸುಲಿನ್ ಟೆಸ್ಟು ಓಡಲೇಬೇಕಿತ್ತು. ಬರೀ ಮೂತ್ರ ಪರೀಕ್ಷೆ, ಹಿಮೋಗ್ಲೋಬಿನ್ನಿನ ಬಲದ ಮೇಲೆ ಇನ್ನೊಂದು ಊರಿನಲ್ಲಿ ಬಾಡಿಗೆ ಕಟ್ಟಲು ಆಗುತ್ತಿರಲಿಲ್ಲ. ಡಾಕ್ಟರುಗಳು ಆ ಟೆಸ್ಟನ್ನು ಬರೆಯುತ್ತಲೂ ಇರಲಿಲ್ಲ. ಕೊನೆಗೆ ಮೇಡಂ, ಮಹಿಳಾ ಸ್ವಸಹಾಯ ಸಂಘದವರ ಜೊತೆ ಮಾತಾಡಿ, ಹೊಸನಗರದಲ್ಲಿ ಒಂದು ಕ್ಯಾಂಪ್ ಇಟ್ಟರು. ದರ ಅರ್ಧ ಮಾಡಿದರು. ಖಾಲಿ ಹೊಟ್ಟೆಯಲ್ಲಿ ಬೆಳಿಗ್ಗೆ ಬನ್ನಿ ಅಂತ ಸಂಘದ ಅಧ್ಯಕ್ಷೆಯ ಮೂಲಕ ಎಲ್ಲರಿಗೂ ಹೇಳಿಸಿದೆವು.

ಸಾಲು ಮೆಟ್ಟಿಲಿನಿಂದ ಕೆಳಗೆ ರಸ್ತೆಯವರೆಗೂ ಹೋಯಿತು. ರಕ್ತವನ್ನು ಅಲ್ಲೇ ಸೆಂಟ್ರಿಫ್ಯೂಜ್ ಅನ್ನುವ ಸಣ್ಣ ಮೆಷಿನ್ನಿನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿನೀರನ್ನು ಬೇರೆ ಮಾಡಿ, ಐಸ್ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ಸಾಗರಕ್ಕೆ ಕಳಿಸಿದೆ. ಮರುದಿನ ನಾನು ಸಾಗರಕ್ಕೆ ಹೋದಾಗ ಫಲಿತಾಂಶ ಬಂದಿತ್ತು. ಹೆಚ್ಚುಕಡಿಮೆ ಎಲ್ಲರಿಗೂ ಸಕ್ಕರೆ ಸರಿ, ಇನ್ಸುಲಿನ್ ಜಾಸ್ತಿ.

ಕಂಪನಿಯ ಸೇಲ್ಸಿನವನು ಕುರ್ಚಿಯಲ್ಲಿ ಕೂರದಾದ. "ಮೇಡಂ, ಇಡೀ ತಾಲ್ಲೂಕೇ ಮಾರ್ಕೆಟ್! ನಾಳೆನೇ ಬ್ಯಾನರ್ ಹಾಕ್ಸೋಣ. ಇದರ ಜೊತೆ ನಮ್ಮ ಪುಡಿ ಪ್ಯಾಕೆಟ್ಟೂ ಇದೆ, ಬೆಳಿಗ್ಗೆ ನೀರಿಗೆ ಹಾಕಿ ಕುಡಿಯೋದು. ಟೆಸ್ಟ್, ಪುಡಿ, ಮತ್ತೆ ಟೆಸ್ಟ್. ನೋಡ್ತಾ ಇರಿ."

ನನಗೂ ಖುಷಿಯಾಗಿತ್ತು. ಬೋರ್ಡು ಉಳಿಯಿತು ಅಂತ.

ಮೇಡಂ ಮಾತ್ರ ಕನ್ನಡಕ ಹಣೆಗೇರಿಸಿ ಕಾಗದ ತಿರುವುತ್ತಾ ಇದ್ದರು. ಒಂದು ಹೆಸರಿನ ಮೇಲೆ ಬೆರಳಿಟ್ಟರು. "ಇವರು ಯಾರೇ? ನೋಡೋಕೆ ಹೆಂಗಿದ್ದಾರೆ?"

ನೆನಪಿತ್ತು. ಎಪ್ಪತ್ತು ದಾಟಿದ ಹೆಂಗಸು, ಬಿದಿರುಕಡ್ಡಿಯ ಹಾಗೆ, ಗುಡ್ಡ ಹತ್ತಿ ಇಳಿದು ಸೌದೆ ತರುವವರು.

"ಇವರಿಗೆ ಇಷ್ಟು ಇನ್ಸುಲಿನ್ನಾ? ಆಗಲ್ಲ ಕಣೆ. ನಂಬರ್ ಒಂದೇ ನೋಡಿ ಹೇಳೋದಾದ್ರೆ ನಾನೆಂತಕ್ಕೆ, ಮೆಷಿನ್ನೇ ಸಾಕು. ಸೊಂಟ ನೋಡು, ಕುತ್ತಿಗೆ ನೋಡು, ಅಪ್ಪ ಅಮ್ಮಂಗೆ ಶುಗರ್ ಇತ್ತಾ ಕೇಳು. ಆಮೇಲೆ ನಂಬರ್. ಒಂದು ರಿಪೋರ್ಟೂ ಹೊರಗೆ ಹೋಗ್ಬಾರ್ದು."

ಮೆಷಿನ್ ಪರೀಕ್ಷಿಸಿದರು, ಸರಿಯಿತ್ತು. ತಮ್ಮ ರಕ್ತವನ್ನೂ ನನ್ನದನ್ನೂ ಹಾಕಿ ನೋಡಿದರು, ಸರಿಯಿತ್ತು. ಮರುದಿನ ನನ್ನ ಜೊತೆ ಹೊಸನಗರದ ಬಸ್ ಹತ್ತಿದರು. ಸೇಲ್ಸಿನವನೂ ಬಿಡದೆ ಹಿಂದೆ ಬಂದ. ಸಂಘದ ಅಧ್ಯಕ್ಷೆಯ ಮನೆಯ ಜಗುಲಿಯಲ್ಲಿ ಐದಾರು ಹೆಂಗಸರು ಸೇರಿದರು. ಆ ಸೌದೆಯ ಅಮ್ಮನೂ ಬಂದಿದ್ದರು, ಹವ್ಯಕರ ಮನೆಯ ಒಬ್ಬರು ಹಿರಿಯರೂ ಇದ್ದರು. ಕೂತವರ ಕೈಗೆಲ್ಲ ಅಧ್ಯಕ್ಷೆ ಬಿಸಿ ಲೋಟ ಕೊಟ್ಟರು.

ಮೇಡಂ ಒಬ್ಬೊಬ್ಬರನ್ನೇ ಕೇಳುತ್ತಾ ಹೋದರು. "ಕ್ಯಾಂಪಿಗೆ ಬರೋಕೆ ಮುಂಚೆ ಎಂತ ತಿಂದಿದ್ರಿ?"

"ದೇವ್ರಾಣೆ ಏನೂ ಇಲ್ಲ" ಅಂದರು ಸೌದೆಯ ಅಮ್ಮ.

"ಆನು ಎಂತೂ ತಿಂದಿದ್ನಿಲ್ಲೆ. ಬರೀ ಕಷಾಯ ಕುಡ್ಕಂಡು ಬಂದಿದ್ದು" ಅಂದರು ಹವ್ಯಕ ಅಮ್ಮ.

ಮೇಡಂ ತಮ್ಮ ಕೈಯ ಲೋಟ ನೋಡಿದರು. ಕೊತ್ತಂಬರಿ, ಜೀರಿಗೆ, ಶುಂಠಿಯ ಕಷಾಯ. ಒಂದು ಗುಟುಕು ಕುಡಿದರು. "ಇದಕ್ಕೆ ಬೆಲ್ಲ ಎಷ್ಟು ಹಾಕ್ತೀರಿ?"

"ಜೋನಿ ಬೆಲ್ಲ, ಒಂದು ದೊಡ್ಡ ಚಮಚ. ಬೆಲ್ಲ ಇಲ್ದೆ ಕಷಾಯ ಯಾರ್ ಕುಡೀತಾರೆ?" ಅಂದರು ಅಧ್ಯಕ್ಷೆ.

"ಎಲ್ರೂ ಕುಡ್ಕಂಡೇ ಬಂದ್ರಾ?"

"ಮತ್ತೆ? ಉಪವಾಸದ ದಿನನೂ ಕಷಾಯ ನಡೀತದಲ್ಲ ಮೇಡಂ. ದೇವ್ರೇ ಬೇಡ ಅನ್ನಲ್ಲ, ನಿಮ್ಮ ಮೆಷಿನ್ ಬೇಡ ಅಂತದಾ?"

ಮೇಡಂ ನಗಲು ಶುರು ಮಾಡಿದರು. ಲೋಟ ಕೆಳಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಬೆಲ್ಲ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರದೆ ಇನ್ನೇನು ಮಾಡುತ್ತದೆ? ಸಾಲಿನಲ್ಲಿ ನಿಂತು ಮುಗಿಯುವಷ್ಟರಲ್ಲಿ ಸಕ್ಕರೆ ಬಸ್ ಹತ್ತಿಯಾಗಿತ್ತು, ನೂಕಿದ ಕಂಡಕ್ಟರುಗಳು ಮಾತ್ರ ಇನ್ನೂ ಸ್ಟ್ಯಾಂಡಿನಲ್ಲೇ ಇದ್ದರು. ಇಡೀ ಕ್ಯಾಂಪಿನ ರಕ್ತ ಕಷಾಯದ ರಕ್ತ. ನಗು ಮುಗಿದ ಮೇಲೆ ನನ್ನ ಕಡೆ ತಿರುಗಿ, "ನಾನು ಇದೇ ಸೀಮೆಯವಳು, ಇದನ್ನೇ ಕುಡಿದು ಬೆಳೆದವಳು. ನಂಗೂ ಹೊಳೀಲಿಲ್ಲ ನೋಡು" ಅಂದರು.

ಹೊರಗೆ ಅಂಗಳದಲ್ಲಿ ಸೇಲ್ಸಿನವನು ಅವರನ್ನು ಹಿಡಿದುಕೊಂಡ. ಅವನ ಮಾತು ತಪ್ಪು ಅಂತ ಇವತ್ತಿಗೂ ನನಗೆ ಪೂರ್ತಿ ಹೇಳಲಾಗುವುದಿಲ್ಲ. "ಮೇಡಂ, ಸೆಂಟರ್ ಈಗಷ್ಟೇ ಶುರುವಾಗಿದೆ. ಟೆಸ್ಟೇ ತಪ್ಪಾಯ್ತು ಅಂತ ನೀವೇ ಹೇಳಿದ್ರೆ ಆಮೇಲೆ ಯಾರು ಬರ್ತಾರೆ? ಲ್ಯಾಬೇ ಸರಿ ಇಲ್ಲ ಅಂತಾರೆ. ಸ್ವಲ್ಪ ಹೆಚ್ಚಿದೆ, ಸಿಹಿ ಕಮ್ಮಿ ಮಾಡಿ, ನಡೀರಿ ಅಂತ ಬರ್ದು ಕೊಡಿ. ಅದ್ರಿಂದ ಯಾರಿಗೇನು ಕೆಟ್ಟದಾಗುತ್ತೆ? ಮತ್ತೆ ಕಿಟ್ ಹಾಳು ಮಾಡಿದ್ರೆ ನಮ್ಮ ಆಫೀಸಲ್ಲಿ ಮೆಷಿನ್ ಎತ್ತು ಅಂತಾರೆ."

ಮೆಷಿನ್ ಹೋದರೆ ಹೊಸನಗರ ಹೋಯಿತು. ಬೋರ್ಡೂ ಹೋಯಿತು.

"ಹೆದರಿಕೆ ಮಾರೋದಾದ್ರೆ ಒಂದೇ ಸಲ ಮಾರ್ಬಹುದು ಮಾರಾಯ" ಅಂದರು ಮೇಡಂ. "ಸರಿಯಾದ ಟೆಸ್ಟ್ ಆದ್ರೆ ಇವರಿಗೆ, ಇವರ ಮಕ್ಕಳಿಗೆ, ಮೊಮ್ಮಕ್ಕಳಿಗೂ ಮಾರ್ಬಹುದು. ನಾನು ದೊಡ್ಡ ವ್ಯಾಪಾರ ನೋಡ್ತಿದೀನಿ, ನೀನು ಸಣ್ಣದು ನೋಡ್ತಿದೀಯ. ಮೆಷಿನ್ ಎತ್ತೋದಾದ್ರೆ ಎತ್ತು. ಆದ್ರೆ ಹದಿನೈದು ದಿವ್ಸ ಬಿಟ್ಟು ಎತ್ತು."

ಒಳಗೆ ಹೋಗಿ ಜಗುಲಿಯ ಮೇಲೆ ನಿಂತು ಆ ಗಂಟಲಿನಲ್ಲಿ ಹೇಳಿಯೇ ಬಿಟ್ಟರು. ತಪ್ಪು ನಮ್ಮದು, ಕಷಾಯದ ವಿಷಯ ನಾವು ಹೇಳಬೇಕಿತ್ತು, ಮೊದಲಿನ ಟೆಸ್ಟು ಲೆಕ್ಕಕ್ಕಿಲ್ಲ, ಕೊಟ್ಟ ದುಡ್ಡಿಗೇ ಇನ್ನೊಮ್ಮೆ ಮಾಡುತ್ತೇವೆ.

"ಹಂಗಾರೆ ನಮ್ಮ ರಕ್ತ ಸುಮ್ನೆ ಹೋಯ್ತಾ?" ಅಂತ ಒಬ್ಬಳು ರಾಗ ಎಳೆದಳು.

"ಹೋಯ್ತು ತಾಯಿ. ಇನ್ನೊಂದ್ಸಲ ಕೊಡ್ಬೇಕು."

"ಕಷಾಯ ಇಲ್ದೆ ಬೆಳಿಗ್ಗೆ ಎದ್ರೆ ನಂಗೆ ತಲೆನೋವು. ನಾ ಬರಲ್ಲ" ಅಂದರು ಸೌದೆಯ ಅಮ್ಮ.

ಅವರು ಬರದಿದ್ದರೆ ಉಳಿದವರೂ ಬರುವವರಲ್ಲ. ಆಗ ನಾನು ಬಾಯಿ ಬಿಟ್ಟೆ. "ಕಷಾಯ ನಮ್ಮ ಸೆಂಟರಲ್ಲೇ ಮಾಡಿಡ್ತೀನಿ. ರಕ್ತ ಕೊಟ್ಟ ತಕ್ಷಣ ಬಿಸಿಬಿಸಿ ಕುಡೀರಿ."

"ಬೆಲ್ಲ ಹಾಕ್ತೀಯನೇ?"

"ರಕ್ತ ಕೊಟ್ಟ ಮೇಲಲ್ವಾ, ಅವತ್ತೊಂದಿನ ಹಾಕ್ತೀನಿ ಬಿಡಿ."

ಮೇಡಂ ನನ್ನ ಬೆನ್ನಿಗೆ ಗುದ್ದಿದರು. ಅದು ಅವರ ಮೆಚ್ಚುಗೆ. ಬೆನ್ನು ಸಂಜೆಯವರೆಗೂ ನೋಯುತ್ತಿತ್ತು.

ಹೇಳಿದ ದಿನ ಬೆಳಿಗ್ಗೆ ಸಂಘದ ಹೆಂಗಸರು ಬಂದರು. ಬಂದವರು ಕಷಾಯದ ಆಸೆಗೆ ಅಕ್ಕಪಕ್ಕದವರನ್ನೂ ಕರೆದುಕೊಂಡು ಬಂದರು. ಈ ಸಲ ಬಹುಪಾಲು ಜನರ ಇನ್ಸುಲಿನ್ ಸರಿಯಿತ್ತು. ಸೌದೆಯ ಅಮ್ಮನ ನಂಬರು ನೋಡಿ ಮೇಡಂ, "ಈ ಹೆಂಗಸಿನ ಬಸ್ಸಿಗೆ ಅರ್ಧ ಕಂಡಕ್ಟರ್ ಸಾಕು" ಅಂದರು. ಕೆಲವರದ್ದು ಮಾತ್ರ ಮೇಲೆಯೇ ನಿಂತಿತು. ಅವರಲ್ಲಿ ಒಬ್ಬಳು ಅಂಗನವಾಡಿ ಟೀಚರ್. ವಯಸ್ಸು ಹೆಚ್ಚಿಲ್ಲ, ನೋಡಲು ತೆಳ್ಳಗೇ ಇದ್ದಳು. ರಿಪೋರ್ಟು ಕೈಗೆ ಕೊಟ್ಟಾಗ ಕೆಂಡವಾದಳು.

"ಮೊದ್ಲು ಎಲ್ರಿಗೂ ಜಾಸ್ತಿ ಬಂತು, ಅದು ತಪ್ಪು ಅಂದ್ರಿ. ಈಗ ನಂಗೆ ಜಾಸ್ತಿ, ಅದು ಸರಿ ಅಂತೀರ. ನಾನೇ ಸಿಕ್ಕಿದ್ನಾ ನಿಮಗೆ?"

ಮೇಡಂ ಎದುರಿಗೇ ಇದ್ದರು. ಬಸ್ಸಿನ ಕಥೆ ಹೇಳುತ್ತಾರೆ ಅಂದುಕೊಂಡೆ. ಅವರು ನನ್ನ ಕಡೆ ನೋಡಿ ತಮ್ಮ ಕುತ್ತಿಗೆ ಮುಟ್ಟಿಕೊಂಡರು. ನನಗೆ ಅರ್ಥವಾಯಿತು. ಕೋಟಿನ ಕಾಲರ್ ಇಳಿಸಿ ಆ ಹುಡುಗಿಗೆ ನನ್ನ ಕುತ್ತಿಗೆಯಲ್ಲಿ ಉಳಿದಿದ್ದ ಮಸುಕು ಪಟ್ಟಿ ತೋರಿಸಿದೆ. ನನ್ನ ಅಮ್ಮನ ತೆಂಗಿನ ನಾರಿನ ಕಥೆ ಹೇಳಿದೆ. ಅವಳು ಅಳುತ್ತಾ ನಕ್ಕಳು, ತನ್ನ ಮನೆಯಲ್ಲಿ ಕುತ್ತಿಗೆ ಉಜ್ಜಲು ಕಲ್ಲು ಅಂದಳು. ಮುಟ್ಟಿನ ವಿಷಯ, ಅಪ್ಪನ ಶುಗರಿನ ವಿಷಯ ಎಲ್ಲ ಹೊರಬಂತು. ಮೇಡಂ ಅಷ್ಟು ಹೊತ್ತಿಗೆ ಎದ್ದು ಹೋಗಿ ಹೊರಗಿನವರಿಗೆ ಕಷಾಯ ಬಗ್ಗಿಸಿ ಕೊಡುತ್ತಿದ್ದರು.

ಮೆಷಿನ್ ಎತ್ತಲು ಯಾರೂ ಬರಲಿಲ್ಲ. ತಾವಾಗಿಯೇ ತಪ್ಪು ಒಪ್ಪಿಕೊಂಡ ಲ್ಯಾಬು ಅಂತ ನಮ್ಮ ಹೆಸರು ಓಡಿತು. ಬ್ಯಾನರಿನಿಂದ ಆಗದ್ದು ಬಸ್ಸಿನ ಮಾತುಕತೆಯಿಂದ ಆಯಿತು. ಡಾಕ್ಟರುಗಳು, ಬೇಕಾದವರಿಗೆ ಮಾತ್ರ, ಟೆಸ್ಟು ಬರೆಯತೊಡಗಿದರು. ಬೇಡದವರು ತಾವಾಗಿ ಬಂದು ಕೇಳಿದರೆ ಮೇಡಂ, "ನಿಮಗೆಂತಕ್ಕೆ ಅದು? ದುಡ್ಡು ಹೆಚ್ಚಾಗಿದ್ರೆ ಚಪ್ಪಲಿ ತಗೊಂಡು ನಡೀರಿ" ಅಂತ ವಾಪಸ್ ಕಳಿಸುತ್ತಿದ್ದರು. ಹಾಗೆ ವಾಪಸ್ ಹೋದವರು ಮನೆಯ ಇನ್ನೊಬ್ಬರನ್ನು ಕರೆತರುತ್ತಿದ್ದರು. ಅದೂ ವ್ಯಾಪಾರವೇ ಕಣೆ ಅಂತ ಮೇಡಂ ಕಣ್ಣು ಹೊಡೆಯುತ್ತಿದ್ದರು. ತೀರ್ಥಹಳ್ಳಿಯ ಕೇಂದ್ರ ತೆರೆದ ದಿನ ಮೇಗರವಳ್ಳಿಯಿಂದಲೂ ಜನ ಬಂದಿದ್ದರು. ತಮ್ಮ ಊರಿನ ಬಸ್ ಸ್ಟ್ಯಾಂಡಿನ ಎದುರಿಗೆ ಮೇಡಂ ತೆಂಗಿನಕಾಯಿ ಒಡೆದು, ಅದರ ಮೊದಲ ಚೂರನ್ನು ಅಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರು.

ಆಮೇಲೆ ಅವರಿಗೆ ಕಾಯಿಲೆಯಾಯಿತು. ಹೊಟ್ಟೆಯ ಗಡ್ಡೆಯಿಂದ ತೆಗೆದ ಚೂರಿನ ಸ್ಲೈಡನ್ನು ತಾವೇ ಮೈಕ್ರೋಸ್ಕೋಪಿಗೆ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ಬಂದು ಕೈ ತೊಳೆದುಕೊಂಡು, "ಒಳ್ಳೇದಲ್ಲ ಕಣೆ" ಅಂದರು. ಬೇರೆ ಯಾರದ್ದೋ ರಿಪೋರ್ಟು ಹೇಳುವ ದನಿಯಲ್ಲೇ. ಮರುವಾರವೇ ಸಹಿ ಹಾಕಲು ಹೊಸ ಡಾಕ್ಟರನ್ನು ಹುಡುಕಿ ತಂದರು. ಮೂರೂ ಊರಿನ ಕೆಲಸ ನೋಡಿಕೊಳ್ಳಲು ನನ್ನನ್ನು ಇಟ್ಟರು. ನನಗೆ ಹೆದರಿಕೆಯಾಯಿತು, ನನ್ನಿಂದ ಆಗಲ್ಲ ಮೇಡಂ ಅಂದೆ. "ಆಗಲ್ಲ ಅನ್ನೋರು ಡಿಗ್ರಿ ಮಾಡಲ್ಲ. ನಿಮ್ಮಪ್ಪ ಮೂಟೆ ಹೊರ್ತಾನಲ್ಲ, ಮೊದಲನೇ ದಿನ ಆಗುತ್ತೆ ಅಂತ ಗೊತ್ತಿತ್ತಾ ಅವಂಗೆ?" ಅಂದರು.

ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂದಾಗ ಬೆಳಿಗ್ಗೆ. ನಾನು ಹೊಸನಗರದಲ್ಲಿದ್ದೆ. ಬೆಂಚಿನ ತುಂಬ ಜನ, ಎಲ್ಲರೂ ರಾತ್ರಿಯಿಂದ ಏನೂ ಬಾಯಿಗೆ ಹಾಕದೆ ಬಂದವರು. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. ಯಾರೋ ಎದ್ದು ಹೊರಟರು. ಸಂಘದ ಅಧ್ಯಕ್ಷೆ ಅಲ್ಲೇ ಇದ್ದರು, ಅವರನ್ನು ತಡೆದರು. "ಕೂತ್ಕಳಿ. ಹಸಿದು ಬಂದೋರನ್ನ ಹಂಗೇ ಕಳಿಸಿದ್ರೆ ಆಯಮ್ಮ ಬೈತಿದ್ರು. ನೀ ರಕ್ತ ತಗಳೇ ಮಗಳೇ." ತೆಗೆದುಕೊಂಡೆ. ಒಬ್ಬರಿಗೂ ಎರಡನೇ ಸಲ ಸೂಜಿ ಚುಚ್ಚಬೇಕಾಗಲಿಲ್ಲ.

ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಸಾಗರಕ್ಕೆ ಹೋದೆ. ಮೊದಲು ಲ್ಯಾಬಿಗೆ ಹೋಗಿ ಟೆಸ್ಟು ಹಾಕಿದೆ, ಆಮೇಲೆ ಮೇಡಂ ಮನೆಗೆ. ಯಾರಾದರೂ ತಪ್ಪು ತಿಳಿದುಕೊಂಡಿರಬಹುದು. ಮೇಡಂ ಮಾತ್ರ ತಿಳಿದುಕೊಳ್ಳುತ್ತಿರಲಿಲ್ಲ. ಎಲ್ಲ ಮುಗಿದು ಸಂಜೆ ಲ್ಯಾಬಿಗೆ ವಾಪಸ್ ಬಂದಾಗ ಹೊಸ ಡಾಕ್ಟರು ರಿಪೋರ್ಟುಗಳಿಗೆ ಸಹಿ ಹಾಕಿ ಇಟ್ಟಿದ್ದರು. ಅವುಗಳಲ್ಲಿ ಅಂಗನವಾಡಿ ಟೀಚರ್‌ದೂ ಒಂದು. ಬೆಳಿಗ್ಗೆ ಫೋನು ಬರುವ ಮೊದಲೇ ರಕ್ತ ಕೊಟ್ಟು ಹೋಗಿದ್ದಳು. ನಂಬರು ಕೆಳಗಿಳಿದಿತ್ತು. ಇಷ್ಟು ದಿನದಲ್ಲಿ ಮೊದಲ ಸಲ ಸರಿಯಾದ ಜಾಗದಲ್ಲಿ ನಿಂತಿತ್ತು.

ಅವಳಿಗೆ ಫೋನ್ ಮಾಡಿದೆ. ಅವಳು ಕಿರುಚಿದಳು. ಅತ್ತೆಯನ್ನು ಕೂಗಿದಳು, ಗಂಡನನ್ನು ಕೂಗಿದಳು, ಮನೆಯಲ್ಲೆಲ್ಲ ಗಲಾಟೆ. "ಮೊದ್ಲು ಮೇಡಂಗೆ ಹೇಳಿ ಅಕ್ಕ, ಅವ್ರು ಎಷ್ಟು ಖುಷಿ ಪಡ್ತಾರೆ!" ಅಂದಳು.

"ಹೇಳ್ತೀನಿ" ಅಂದೆ. ಮೇಡಂ ಹೋದ ಸುದ್ದಿ ಅವಳಿಗೆ ನಾಳೆ ತಿಳಿದರೂ ಆಗುತ್ತದೆ. ಫೋನನ್ನು ಕಿವಿಯಿಂದ ತೆಗೆಯದೆ, ಆ ಮನೆಯ ಗಲಾಟೆ ಮುಗಿಯುವವರೆಗೂ ಕೇಳುತ್ತಾ ನಿಂತೆ.